ಹಾಡಿನ ರೆಕಾರ್ಡಿಂಗ್‌ಗೆ ಮೊದಲ ಪಿಸಿ ಜೋಡಿಸ್ತಿದ್ದೀನಿ, ಅಂಗಡಿಯವರು ಕೊಟ್ಟ ಈ ಪಟ್ಟಿ ಸರಿ ಇದೆಯಾ?

ಶ್ರುತಿಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ಇರೋದು. ಭಾವಗೀತೆ, ದಾಸರ ಪದ ಮನೆಯಲ್ಲೇ ರೆಕಾರ್ಡ್ ಮಾಡ್ತೀನಿ. ಹಾಡು, ಹಾರ್ಮೋನಿಯಂ, ತಬಲಾ ಮೈಕಿನಿಂದ. ಕೊಳಲು, ಸ್ಟ್ರಿಂಗ್ಸ್ ಕೊಂಟಾಕ್ಟ್ ಅನ್ನೋ, ವಾದ್ಯಗಳ ರೆಕಾರ್ಡ್ ಮಾಡಿದ ಸ್ವರಗಳನ್ನ (ಸ್ಯಾಂಪಲ್) ನುಡಿಸೋ ಸಾಫ್ಟ್‌ವೇರಿನಿಂದ. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್. ಹಳೇ ಲ್ಯಾಪ್‌ಟಾಪಲ್ಲಿ ಟ್ರ್ಯಾಕ್ ಜಾಸ್ತಿಯಾದ್ರೆ ಚಟಪಟ ಸದ್ದು ಶುರು. ವಿಚಿತ್ರ ಅಂದ್ರೆ ಆಗಲೂ ಟಾಸ್ಕ್ ಮ್ಯಾನೇಜರ್ ಸಿಪಿಯು ಬಳಕೆ 40% ಅಂತಲೇ ತೋರಿಸುತ್ತೆ.

ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಿಂದ ವಾಟ್ಸಾಪಲ್ಲಿ ಬಂದ ಪಟ್ಟಿ ಇದು: ಐ5-12400ಎಫ್, ಎಚ್610 ಬೋರ್ಡ್, 16 ಜಿಬಿ ಡಿಡಿಆರ್4 (ಒಂದೇ ಸ್ಟಿಕ್), ಆರ್‌ಟಿಎಕ್ಸ್ 3050, 500 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, ಕಂಪನಿ ಹೆಸರೇ ಇಲ್ಲದ "500 ವ್ಯಾಟ್" ಎಸ್‌ಎಂಪಿಎಸ್ (ಪವರ್ ಸಪ್ಲೈ), ಮುಂದೆ ಗಾಜು ಇರೋ ಆರ್‌ಜಿಬಿ ಕ್ಯಾಬಿನೆಟ್. ಬಜೆಟ್ 75 ಸಾವಿರ. ಮಾನಿಟರ್, ಎರಡು ಇನ್‌ಪುಟ್‌ನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಆಗಲೇ ಇವೆ. ಗೇಮ್ ಆಡಲ್ಲ.

ಬಫರ್ ಭಟ್ಟ

ಇದು ಗೇಮ್ ಆಡೋ ಹುಡುಗರ ಪಟ್ಟಿ. ಗ್ರಾಫಿಕ್ಸ್ ಕಾರ್ಡ್ (ಆರ್‌ಟಿಎಕ್ಸ್ 3050) ಮೊದಲು ತೆಗೆಸಿ. ಆದ್ರೆ ಕಾರ್ಡ್ ಮಾತ್ರ ತೆಗೆದ್ರೆ ಸಾಲದು, "ಎಫ್" ಅನ್ನೋ ಅಕ್ಷರ ಇರೋ ಇಂಟೆಲ್ ಚಿಪ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡಲ್ಲ, ಮಾನಿಟರ್ ಕಪ್ಪಾಗೇ ಇರುತ್ತೆ. ಎಫ್ ಇಲ್ಲದ 12400 ಕೇಳಿ, ಇಲ್ಲಾಂದ್ರೆ ಎಎಂಡಿಯ ರೈಝೆನ್ 5 7600 ಹಾಕಿ. ಎರಡರಲ್ಲೂ ಆರು ಕೋರ್, ಎರಡರಲ್ಲೂ ಡಿಸ್‌ಪ್ಲೇ ಬರುತ್ತೆ. ನಾನಾದ್ರೆ 7600 ತಗೋತೀನಿ. ಆ ಸಾಕೆಟ್ಟಿಗೆ (ಎಎಂ5) 2027ರವರೆಗೂ, ಆಮೇಲೂ ಚಿಪ್ ಬರುತ್ತೆ ಅಂತ ಎಎಂಡಿಯೇ ಹೇಳಿದೆ. ನಾಳೆ ಬೋರ್ಡ್ ಬದಲಾಯಿಸದೆ ಸಿಪಿಯು ಮಾತ್ರ ಬದಲಾಯಿಸಬಹುದು.

ಈಗ ನಿಮ್ಮ 40% ವಿಷಯ. ಅದು ಎಲ್ಲಾ ಕೋರ್‌ಗಳ ಸರಾಸರಿ. ಒಂದು ಟ್ರ್ಯಾಕ್ ಮೇಲೆ ಇಕ್ಯೂ, ಕಂಪ್ರೆಸರ್, ರಿವರ್ಬ್ ಸಾಲಾಗಿ ಇಟ್ಟಿರ್ತೀರಿ. ಮೊದಲನೆಯದು ಮುಗಿಸಿ ಕೊಟ್ಟ ಮೇಲೇ ಎರಡನೆಯದಕ್ಕೆ ಕೆಲಸ, ಹಾಗಾಗಿ ಆ ಸಾಲನ್ನು ನಾಲ್ಕು ಕೋರ್‌ಗೆ ಹಂಚೋಕಾಗಲ್ಲ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಒಂದು ಸಲಕ್ಕೆ ಲೆಕ್ಕ ಹಾಕೋ ಶಬ್ದದ ತುಂಡು) ಇಟ್ರೆ ಅದಕ್ಕೆ ಸಿಗೋ ಸಮಯ 2.67 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ರೆ "ಚಟ್". ಉಳಿದ ಕೋರ್‌ಗಳು ಖಾಲಿ ಕೂತಿದ್ರೂ ಅಷ್ಟೇ. ಅದಕ್ಕೇ ಸಂಗೀತಕ್ಕೆ ಒಂದೊಂದು ಕೋರಿನ ವೇಗ ನೋಡಬೇಕು, ಕೋರ್ ಎಣಿಕೆ ಆಮೇಲೆ. ರೀಪರ್‌ನ ಪರ್ಫಾರ್ಮೆನ್ಸ್ ಮೀಟರ್ ತೆಗೆದು "ಆರ್‌ಟಿ ಸಿಪಿಯು" ಅನ್ನೋ ಅಂಕಿ ನೋಡಿ, ನಿಜ ಹೇಳೋದು ಅದು. ರೆಕಾರ್ಡ್‌ಗೆ ಆರ್ಮ್ (ಸಿದ್ಧ) ಮಾಡದ ಟ್ರ್ಯಾಕ್‌ಗಳನ್ನು ರೀಪರ್ ಮುಂಚೆಯೇ ಲೆಕ್ಕ ಹಾಕಿ ಇಟ್ಕೊಳ್ಳುತ್ತೆ. ಹಾಡೋ ಟ್ರ್ಯಾಕ್ ಮೇಲೆ ಭಾರೀ ರಿವರ್ಬ್ ಇದ್ರೆ ಅದು ಮಾತ್ರ ಆ ಕ್ಷಣಕ್ಕೇ ಆಗಬೇಕು.

ಹಾರ್ಡ್ ಡಿಸ್ಕ್ ಬ್ಯಾಕಪ್‌ಗೆ ಸರಿ, ಸ್ಯಾಂಪಲ್ ಇಡೋಕೆ ಬೇಡ. ಕೊಂಟಾಕ್ಟ್ ಪ್ರತಿ ಸ್ವರದ ಆರಂಭದ ಚೂರನ್ನು ಮಾತ್ರ ರ‍್ಯಾಮ್‌ನಲ್ಲಿಟ್ಟು ಉಳಿದದ್ದನ್ನು ನುಡಿಸುವಾಗ ಡಿಸ್ಕ್‌ನಿಂದ ಎಳೆಯುತ್ತೆ. 1 ಟಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಹಾಕಿ, ಅದರಲ್ಲಿ ಲೈಬ್ರರಿ, ವಿಂಡೋಸ್ 500ರಲ್ಲಿ.

ಧಾರವಾಡ ಪೇಢೆ

ರ‍್ಯಾಮ್ ಬಗ್ಗೆ ನಾ ಹೇಳ್ತೀನ್ರಿ. 7600 ತಗೊಂಡ್ರ ಡಿಡಿಆರ್5 ಬೇಕs ಬೇಕು, ಅದರ ರೇಟು 2025ರ ಕೊನಿಯಿಂದ ಸಿಕ್ಕಾಪಟ್ಟಿ ಏರೇದ. ಆದ್ರೂ 16ರ ಎರಡು ಸ್ಟಿಕ್ ಇರೋ 32 ಜಿಬಿ ಕಿಟ್ ಒಮ್ಮೆಲೇ ತಗೋರಿ. ಈಗೆರಡು, ಮುಂದೆರಡು ಅಂತ ನಾಲ್ಕು ಹಾಕಬ್ಯಾಡ್ರಿ, ನಾಲ್ಕೂ ತುಂಬಿದ್ರ ಎಎಂ5ದಾಗ ಸ್ಪೀಡ್ ಇಳೀತದ. ರೊಕ್ಕ ಹೊಂದಲಿಲ್ಲಂದ್ರ 12400 ಮತ್ತ ಡಿಡಿಆರ್4, ಅದೇನು ಕೆಟ್ಟದ್ದಲ್ಲ.

ಎಸ್‌ಎಂಪಿಎಸ್ ಮಾತ್ರ ಹೆಸರಿದ್ದ ಕಂಪನೀದು ಇರ್ಲಿ, 550 ವ್ಯಾಟ್, 80 ಪ್ಲಸ್ ಬ್ರಾಂಝ್. ಕಾರ್ಡ್ ಇಲ್ಲದ ಮಷೀನು ಅಷ್ಟು ಕರೆಂಟ್ ಎಳಿಯೂದಿಲ್ಲ, ಹಿಂಗಾಗಿ ಅದರ ಫ್ಯಾನೂ ನಿಧಾನ ತಿರಗತದ.

ಚಂಡೆಮನೆ

ಸದ್ದಿನ ವಿಷಯ ಯಾರೂ ಎತ್ತಲಿಲ್ಲ. ಮೈಕ್ ಇರೋ ಕೋಣೆಯಲ್ಲೇ ಪಿಸಿ ಇಡೋದಾದ್ರೆ ಅದೇ ಮುಖ್ಯ. ಹಾಡುವಾಗ ಸೀಲಿಂಗ್ ಫ್ಯಾನ್ ಆರಿಸ್ತೀರಿ, ಆಗ ಉಳಿಯೋದು ಕ್ಯಾಬಿನೆಟ್ಟಿನ ಸದ್ದೊಂದೇ. ಮುಂದೆ ಗಾಜಿದ್ರೆ ಗಾಳಿ ಒಳಗೆ ಹೋಗಲ್ಲ, ಫ್ಯಾನ್ ಜೋರಾಗಿ ತಿರುಗುತ್ತೆ. ಜಾಲರಿ ಮುಖದ್ದು ತಗೊಳ್ಳಿ. 7600 ಜೊತೆ ಬರೋ ಚಿಕ್ಕ ಕೂಲರ್ ಬದಲು 120 ಎಂಎಂ ಫ್ಯಾನಿನ ಟವರ್ ಕೂಲರ್ ಹಾಕಿ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರೋ ಸೆಟ್ಟಿಂಗ್ ಪರದೆ) ಫ್ಯಾನ್ ಕರ್ವ್ ಅಂತ ಇರುತ್ತೆ, 60 ಡಿಗ್ರಿವರೆಗೂ ಒಂದೇ ನಿಧಾನ ವೇಗಕ್ಕೆ ಕಟ್ಟಿಹಾಕಿ. ಒಂದೇ ಸಮ ಬರೋ "ಹೂಂ" ಮಿಕ್ಸ್‌ನಲ್ಲಿ ಹೇಗೋ ಮುಚ್ಚಿಹೋಗುತ್ತೆ. ಏರೋದು ಇಳಿಯೋದು ಮಾಡ್ತಿದ್ರೆ ಆಲಾಪದ ಮಧ್ಯೆ ಗೊತ್ತಾಗುತ್ತೆ.

ಶ್ರುತಿಪೆಟ್ಟಿಗೆ

ಎಲ್ಲರಿಗೂ ಥ್ಯಾಂಕ್ಸ್. 7600, ಬಿ650 ಬೋರ್ಡ್, 32 ಜಿಬಿ ತಗೊಂಡು ಇವತ್ತು ಜೋಡಿಸಿದೆ. ಆನ್ ಮಾಡಿದ್ರೆ ಫ್ಯಾನೆಲ್ಲ ತಿರುಗ್ತಿದೆ, ಬೋರ್ಡಿನ ಮೇಲೆ "ಡಿರ‍್ಯಾಮ್" ಅಂತ ಬರೆದಿರೋ ಕಡೆ ಹಳದಿ ದೀಪ, ಸ್ಕ್ರೀನ್ ಕಪ್ಪು. ರ‍್ಯಾಮ್ ಹೋಗಿದೆಯಾ? ವಾಪಸ್ ಕಳಿಸಲಾ?

ಬಫರ್ ಭಟ್ಟ

ಏನೂ ಮುಟ್ಟಬೇಡಿ, ಆಫ್ ಕೂಡ ಮಾಡಬೇಡಿ. ಮೊದಲ ಸಲ ಡಿಡಿಆರ್5ನ ಟೈಮಿಂಗ್ ಹೊಂದಿಸಿಕೊಳ್ಳೋಕೆ ಎಎಂ5 ಬೋರ್ಡ್‌ಗಳು ಕೆಲವು ನಿಮಿಷ ಹೀಗೇ ಕಪ್ಪಾಗಿ ಕೂರುತ್ತವೆ. ಹತ್ತು ಹದಿನೈದು ನಿಮಿಷ ಕಾದೂ ಬರದಿದ್ರೆ ಒಂದೇ ಸ್ಟಿಕ್ ಇಟ್ಟು ನೋಡಿ, ಸಿಪಿಯುನಿಂದ ಎಣಿಸಿದ್ರೆ ಎರಡನೇ ಸ್ಲಾಟ್‌ನಲ್ಲಿ. ಬಯೋಸ್‌ನಲ್ಲಿ ಎಕ್ಸ್‌ಪೋ (ರ‍್ಯಾಮ್ ಪೂರ್ತಿ ವೇಗಕ್ಕೆ ಓಡೋ ಸೆಟ್ಟಿಂಗ್) ಆನ್ ಮಾಡಿದಾಗ ಮತ್ತೊಮ್ಮೆ ಹೀಗಾಗುತ್ತೆ, ಗಾಬರಿ ಬೇಡ.

ಶ್ರುತಿಪೆಟ್ಟಿಗೆ

ಬಂತು! ಚಾ ಮಾಡ್ಕೊಂಡು ಬರೋಷ್ಟರಲ್ಲಿ ಬಯೋಸ್ ಪರದೆ ಇತ್ತು.

ವಿಂಡೋಸ್, ರೀಪರ್, ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ (ಶಬ್ದದ ತಡ ಕಡಿಮೆ ಮಾಡೋದು) ಎಲ್ಲ ಹಾಕಿದೆ. 30 ಟ್ರ್ಯಾಕ್ ಇದ್ರೂ ಆರ್‌ಟಿ ಸಿಪಿಯು 25% ದಾಟಲ್ಲ. ಆದ್ರೆ 128 ಬಫರ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಒಂದೊಂದು "ಟಕ್". ಒಂದೇ ಟ್ರ್ಯಾಕ್ ಇದ್ದಾಗಲೂ ಬರುತ್ತೆ.

ಬಫರ್ ಭಟ್ಟ

ಭಾರ ಇಲ್ಲದಿದ್ರೂ ಬಂದ್ರೆ ಅದು ಸಿಪಿಯು ಶಕ್ತಿಯ ಪ್ರಶ್ನೆ ಅಲ್ಲ, ಯಾವುದೋ ಡ್ರೈವರ್ ನಡುವೆ ನುಗ್ಗಿ ಸಿಪಿಯುನ ಹಿಡಿದಿಟ್ಕೊಳ್ತಿದೆ. ಲೇಟೆನ್ಸಿಮಾನ್ ಅಂತ ಉಚಿತ ಟೂಲ್ ಇದೆ, ಹತ್ತು ನಿಮಿಷ ಓಡಿಸಿ. ಡ್ರೈವರ್ಸ್ ಟ್ಯಾಬ್‌ನಲ್ಲಿ ಅತಿ ಹೆಚ್ಚು ಸಮಯ ತಗೊಂಡಿದ್ದು ಯಾವುದು ಹೇಳಿ.

ಶ್ರುತಿಪೆಟ್ಟಿಗೆ

ಕೆಂಪು ಪಟ್ಟಿ ಬಂತು. ಮೇಲಿರೋದು ಎನ್‌ಡಿಐಎಸ್ ಡಾಟ್ ಸಿಸ್.

ಬಫರ್ ಭಟ್ಟ

ನೆಟ್‌ವರ್ಕ್ ಕಡೆಯದು. ಬೋರ್ಡಿನ ವೈಫೈ ಮೇಲೆ ನನಗೆ ಅನುಮಾನ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಡಿಸೇಬಲ್ ಮಾಡಿ ಮತ್ತೆ ಓಡಿಸಿ. ಪವರ್ ಪ್ಲಾನ್ "ಹೈ ಪರ್ಫಾರ್ಮೆನ್ಸ್" ಇರಲಿ. ಇಂಟರ್‌ಫೇಸ್ ಹಿಂಭಾಗದ ಯುಎಸ್‌ಬಿಗೇ ನೇರ ಚುಚ್ಚಿ, ಹಬ್ ಬೇಡ.

ಶ್ರುತಿಪೆಟ್ಟಿಗೆ

ವೈಫೈ ಆಫ್ ಮಾಡಿದ ಮೇಲೆ ಪೂರ್ತಿ ಹಸಿರು. ಸಂಜೆಯಿಡೀ ಹಾಡಿದೆ, ಒಂದು ಟಕ್ಕೂ ಇಲ್ಲ. ಬಫರ್ 64ಕ್ಕೆ ಇಳಿಸಲಾ?

ಚಂಡೆಮನೆ

ಯಾಕೆ? ಗಾಳಿಯಲ್ಲಿ ಶಬ್ದ ಒಂದು ಮೀಟರ್ ಹೋಗೋಕೇ ಸುಮಾರು 3 ಮಿಲಿಸೆಕೆಂಡ್ ಬೇಕು. ಮೈಕಿನಿಂದ ಪಿಸಿಗೆ ಹೋಗಿ ಹೆಡ್‌ಫೋನಿಗೆ ಬರೋ ತಡವೆಲ್ಲ ಸೇರಿ 9 ಮಿಲಿಸೆಕೆಂಡ್ ಆದ್ರೂ ತಬಲಾದವರು ಮೂರು ಮೀಟರ್ ಆಚೆ ಕೂತಷ್ಟೇ, ಕಛೇರಿಯಲ್ಲಿ ಅದು ಮಾಮೂಲಿ. 128ರಲ್ಲೇ ಹಾಡಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ.

ಶ್ರುತಿಪೆಟ್ಟಿಗೆ

ಸರಿ. ಕೊನೇದೊಂದು. ಮೌಸ್ ಅಲ್ಲಾಡಿಸಿದಾಗ ಸ್ಪೀಕರಲ್ಲಿ ಸಣ್ಣಗೆ "ಕೀಂ" ಅನ್ನುತ್ತೆ. ಹೆಡ್‌ಫೋನಲ್ಲಿ ಇಲ್ಲ, ರೆಕಾರ್ಡಿಂಗಲ್ಲೂ ಇಲ್ಲ.

ಧಾರವಾಡ ಪೇಢೆ

ಗ್ರೌಂಡ್ ಲೂಪ್ (ಎರಡು ಕಡೆ ಅರ್ಥಿಂಗ್ ಸೇರಿ ಬರೂ ಸದ್ದು) ಇರಬೇಕ್ರಿ. ಪಿಸಿ, ಸ್ಪೀಕರ್ ಬ್ಯಾರೆ ಬ್ಯಾರೆ ಪ್ಲಗ್ಗಿನ್ಯಾಗ ಇದ್ರ ಒಂದs ಎಕ್ಸ್‌ಟೆನ್ಶನ್ ಬೋರ್ಡಿಗೆ ತರ್ರಿ. ಇಂಟರ್‌ಫೇಸಿನಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ಟಿಆರ್‌ಎಸ್ ಕೇಬಲ್ ಹಾಕ್ರಿ, ತುದಿಯೊಳಗ ಎರಡು ಕಪ್ಪು ಉಂಗುರ ಇರ್ತಾವ ನೋಡ್ರಿ, ಅದು. ಯಾರರೆ ಮೂರನೇ ಪಿನ್ ಮುರೀರಿ ಅಂದ್ರ ಕೇಳಬ್ಯಾಡ್ರಿ, ಶಾಕ್ ಹೊಡೀತದ. ಕೇಬಲ್ ಹಾಕಿದ ಮ್ಯಾಲೂ ಸದ್ದು ಉಳೀತಂದ್ರ ಎಲೆಕ್ಟ್ರಿಷಿಯನ್ ಕರಿಸಿ ಮನಿ ಅರ್ಥಿಂಗ್ ಚೆಕ್ ಮಾಡಸ್ರಿ.