ಸತ್ತ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪ್‌ಗೆ ಹಾಕಬಹುದಾ?

ಪ್ರಶ್ನೆ:
ಮೊನ್ನೆ ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಹಳೇ ಡೆಸ್ಕ್‌ಟಾಪ್ ಆನ್ ಆಗುತ್ತಿಲ್ಲ. ಫ್ಯಾನ್ ಕೂಡ ತಿರುಗುವುದಿಲ್ಲ. ಒಳಗಿನ 1 ಟಿಬಿ ಡಿಸ್ಕ್‌ನಲ್ಲಿ ಮಗಳ ನಾಮಕರಣದ ಫೋಟೋಗಳಿವೆ, ಬೇರೆ ಕಡೆ ಕಾಪಿ ಇಲ್ಲ (ಬೈಯಬೇಡಿ). ಬಿಚ್ಚಿ ಲ್ಯಾಪ್‌ಟಾಪ್‌ಗೆ ಹಾಕಬಹುದಾ?

ಉತ್ತರ 1:
ಒಳಗೆ ಹಿಡಿಸುವುದಿಲ್ಲ, ಅದು 3.5 ಇಂಚಿನದು. ಸಾಟಾ–ಯುಎಸ್‌ಬಿ ಅಡಾಪ್ಟರ್ (ಡಿಸ್ಕನ್ನು ಹೊರಗಿನಿಂದಲೇ ಲ್ಯಾಪ್‌ಟಾಪ್‌ನ ಯುಎಸ್‌ಬಿಗೆ ಜೋಡಿಸುವ ಸಾಧನ) ತಗೊಳ್ಳಿ, ಆದರೆ ಜೊತೆಗೆ 12 ವೋಲ್ಟ್ ಪವರ್ ಅಡಾಪ್ಟರ್ ಇರುವುದನ್ನೇ ನೋಡಿ ತಗೊಳ್ಳಿ, ಬರೀ ಯುಎಸ್‌ಬಿ ಕರೆಂಟಿಗೆ ಈ ದೊಡ್ಡ ಡಿಸ್ಕ್ ತಿರುಗುವುದಿಲ್ಲ, ನಾನು ಅಗ್ಗದ್ದು ತಂದು ಒಂದು ಭಾನುವಾರ ಪೂರ್ತಿ ಡಿಸ್ಕೇ ಸತ್ತಿದೆ ಅಂತ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ಉತ್ತರ 2:
ಡಿಸ್ಕ್ ಜೋಡಿಸಿದ ಮೇಲೆ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಅಂತ ಬಂದರೆ ‘ಕಂಟಿನ್ಯೂ’ ಒತ್ತಿ ಕಾಯಿರಿ. ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳಿದರೆ ಮಾತ್ರ ಹೂಂ ಅನ್ನಬೇಡಿ! ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಬೇಕು. ಟಕ್ ಟಕ್ ಸದ್ದು ಬಂದರೆ ತಕ್ಷಣ ಆಫ್ ಮಾಡಿ.

ಉತ್ತರ 3:
ಫ್ಯಾನೂ ತಿರುಗುತ್ತಿಲ್ಲ ಅಂದರೆ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಒಳಗಿನ ಡಬ್ಬಿ) ಮಾತ್ರ ಹೋಗಿರಬಹುದು, ಅಲ್ವಾ? ಬೇರೆಯದು ಹಾಕಿ ನೋಡಿದ್ರಾ?

ಪ್ರಶ್ನೆ ಕೇಳಿದವರು:
ಇಲ್ಲ, ಅದು ಹೊಳೆದೇ ಇರಲಿಲ್ಲ. ಆದರೂ ಮೊದಲು ಫೋಟೋ ತೆಗೆದುಕೊಳ್ಳುತ್ತೇನೆ.