ರಸ್ತೆ ಬಂದರೆ ರೈತನ ಬಡತನ ಹೋಗುವುದೇ?

ಪ್ರಶ್ನೆ, ಸೋಮವಾರಪೇಟೆ ಕಡೆಯಿಂದ:
ನಮ್ಮ ಊರಿಗೆ ಇನ್ನೂ ಡಾಂಬರು ರಸ್ತೆ ಬಂದಿಲ್ಲ. ಹಸಿ ಶುಂಠಿಯ ಮೂಟೆಗಳನ್ನು ಮುಖ್ಯರಸ್ತೆಗೆ ತಲುಪಿಸುವ ಜೀಪಿನ ಬಾಡಿಗೆಯೇ ಲಾಭವನ್ನು ನುಂಗುವುದರಿಂದ, ಗದ್ದೆಯ ಬದಿಗೆ ಬಂದ ವ್ಯಾಪಾರಿ ಹೇಳಿದ ಬೆಲೆಗೇ ಕೊಟ್ಟುಬಿಡುತ್ತೇವೆ. ರಸ್ತೆಯಾದರೆ ನಮ್ಮ ಸ್ಥಿತಿ ನಿಜವಾಗಿಯೂ ಸುಧಾರಿಸುತ್ತದೆಯೇ?

ಉತ್ತರ 1:
ಸ್ವಲ್ಪ ಮಟ್ಟಿಗೆ ಮಾತ್ರ ಎನ್ನಬೇಕಾಗುತ್ತದೆ. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಬಯಲುಸೀಮೆಯಲ್ಲಿ 500, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವ ಜನವಸತಿಗಳಿಗೂ ಸರ್ವಋತು ರಸ್ತೆ ಒದಗಿಸುವ ಗುರಿ ಇಟ್ಟುಕೊಂಡಿತ್ತು. ಈ ರಸ್ತೆಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾಡ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಸ್ತೆ ಬಂದ ಹಳ್ಳಿಗಳಲ್ಲಿ ಕೃಷಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರು ಹೆಚ್ಚಾದರು. ಆದರೆ ಬೆಳೆ, ಆದಾಯ, ಆಸ್ತಿಗಳಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ರಸ್ತೆಯ ಜೊತೆಗೆ ಸಾಲ, ನೀರಾವರಿ, ಗೋದಾಮು ಇಲ್ಲದಿದ್ದರೆ ಬೆಲೆ ಕುಸಿದ ದಿನವೇ ಮಾರುವ ಅನಿವಾರ್ಯ ತಪ್ಪುವುದಿಲ್ಲ.

ಉತ್ತರ 2, ವಿರಾಜಪೇಟೆಯಿಂದ:
ಭೂಮಿಯೇ ಇಲ್ಲದವರನ್ನು ಮರೆಯಬಾರದು. ನಮ್ಮ ಪಕ್ಕದ ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಅಕ್ಕನೊಬ್ಬರು, ಬಸ್ಸು ಬರತೊಡಗಿದ ಮೇಲೆ, ಕೂಲಿ ಹೆಚ್ಚು ಕೊಡುವ ದೂರದ ತೋಟಕ್ಕೆ ಕಾಫಿ ಕೊಯ್ಯಲು ಹೋಗುತ್ತಿದ್ದಾರೆ. ಒಬ್ಬರೇ ಮಾಲೀಕರ ಮುಂದೆ ನಿಲ್ಲಬೇಕಿಲ್ಲ ಎಂಬುದು ಅವರಿಗೆ ಸಣ್ಣ ವಿಷಯವಲ್ಲ.

ಉತ್ತರ 3, ಮಡಿಕೇರಿಯಿಂದ:
2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿದ್ದನ್ನು ನೆನಪಿಸಿಕೊಳ್ಳಿ. ಗ್ರಾಮಸಭೆಯಲ್ಲಿ ಡಾಂಬರನ್ನಷ್ಟೇ ಕೇಳದೆ, ಚರಂಡಿ, ಮೋರಿ ಮತ್ತು ತಡೆಗೋಡೆಗಳನ್ನೂ ಅಂದಾಜುಪಟ್ಟಿಯಲ್ಲಿ ಸೇರಿಸುವಂತೆ ಬರವಣಿಗೆಯಲ್ಲೇ ಒತ್ತಾಯಿಸಿ.