ವ್ಯಾಲೇಸ್‌ಗೆ ಡಾರ್ವಿನ್ ಮೋಸ ಮಾಡಿದನಾ?

ಹತ್ತನೇ ಕ್ಲಾಸ್ ಅಮ್ಮ:
ಮಗಳಿಗೆ ಜೀವವಿಕಾಸದ ಪಾಠ ಹೇಳಿಕೊಡುತ್ತಿದ್ದೆ. ಡಾರ್ವಿನ್ ಬಗ್ಗೆ ಬೇಕಾದಷ್ಟಿದೆ, ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಬಗ್ಗೆ ಒಂದೇ ಸಾಲು. ಹುಡುಕಿದರೆ, ವ್ಯಾಲೇಸ್ ಬರೆದು ಕಳಿಸಿದ್ದನ್ನು ಡಾರ್ವಿನ್ ಕದ್ದ ಅಂತ ಯಾರೋ ಬರೆದಿದ್ದಾರೆ. ನಿಜನಾ?

ಹಳೇ ಅಂಚೆಪೆಟ್ಟಿಗೆ:
ಕದ್ದದ್ದು ಅಂತ ಹೇಳೋಕಾಗಲ್ಲ ಮೇಡಂ. ಡಾರ್ವಿನ್ 1844ರಲ್ಲೇ ಇದೇ ವಿಚಾರದ ಮೇಲೆ, ಅಂದರೆ ನಿಸರ್ಗದ ಆಯ್ಕೆಯ (ಪರಿಸರಕ್ಕೆ ಹೊಂದುವ ಜೀವಿಗಳೇ ಹೆಚ್ಚಾಗಿ ಉಳಿದು ಸಂತಾನ ಬೆಳೆಸುತ್ತವೆ ಅನ್ನುವುದರ) ಮೇಲೆ ಉದ್ದ ಪ್ರಬಂಧ ಬರೆದಿಟ್ಟಿದ್ದ, ಗೆಳೆಯ ಹೂಕರ್‌ಗೆ ಓದಲೂ ಕೊಟ್ಟಿದ್ದ, ಅಚ್ಚು ಹಾಕಿಸಿರಲಿಲ್ಲ ಅಷ್ಟೆ. ಇತ್ತ ವ್ಯಾಲೇಸ್ 1858ರಲ್ಲಿ ಈಗಿನ ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ ಚಳಿಜ್ವರ ಬಂದು ಮಲಗಿದ್ದ. ಜನಸಂಖ್ಯೆ ಆಹಾರಕ್ಕಿಂತ ಬೇಗ ಬೆಳೆಯುತ್ತದೆ ಅಂತ ಬರೆದಿದ್ದ ಮಾಲ್ಥಸ್ ನೆನಪಾದ, ಅವನನ್ನು ಹಿಂದೆಂದೋ ಓದಿದ್ದ. ಹುಟ್ಟುವವು ಅಷ್ಟೊಂದು, ಉಳಿಯುವವು ಕೆಲವೇ, ಹಾಗಾದರೆ ಉಳಿದವು ಯಾಕೆ ಉಳಿದವು ಅಂತ ಯೋಚಿಸುತ್ತಿದ್ದಾಗಲೇ ಹೊಳೆಯಿತು. ಜ್ವರ ಇಳಿದ ಮೇಲೆ ಎರಡು ಮೂರು ಸಂಜೆಯಲ್ಲಿ ಬರೆದು ಡಾರ್ವಿನ್‌ಗೇ ಅಂಚೆಗೆ ಹಾಕಿದ! ಅದು ಜೂನ್‌ನಲ್ಲಿ ಕೈ ಸೇರಿದಾಗ ಡಾರ್ವಿನ್‌ಗೆ ಎದೆ ಧಸಕ್ ಅಂದಿರಬೇಕು. ಭೂವಿಜ್ಞಾನಿ ಲಯೆಲ್ ಮತ್ತು ಹೂಕರ್ ಸೇರಿ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿ ಅನ್ನುವ ಜೀವವಿಜ್ಞಾನಿಗಳ ಸಂಘದಲ್ಲಿ ಇಬ್ಬರ ಬರಹವನ್ನೂ ಓದಿಸಿದರು. ಡಾರ್ವಿನ್ ಹೋಗಿರಲಿಲ್ಲ. ಅವನ ಕೂಸು ತೀರಿಕೊಂಡು ಮೂರೇ ದಿನವಾಗಿತ್ತು.

ಚಿಟ್ಟೆಬಲೆ:
ಎಲ್ಲ ಸರಿ ಸಾರ್, ಆದರೆ ವ್ಯಾಲೇಸನ್ನು ಒಂದು ಮಾತು ಕೇಳಲಿಲ್ಲ ಅಲ್ವಾ? ಕಾಗದ ಹೋಗಿ ಬರಲು ತಿಂಗಳುಗಟ್ಟಲೆ ಬೇಕು, ಒಪ್ಪಿದೆ. ಡಾರ್ವಿನ್ ಬರಹ ಮೊದಲು, ಇವನದು ಕೊನೆಗೆ ಯಾಕೆ? ಇವನು ಸಿರಿವಂತರ ಮನೆಯವನಲ್ಲ. 14ರ ಸುಮಾರಿಗೇ ಶಾಲೆ ಬಿಟ್ಟು, ಜಮೀನು ಅಳೆದು, ಆಮೇಲೆ ಜೀರುಂಡೆ, ಚಿಟ್ಟೆ, ಹಕ್ಕಿಚರ್ಮ ಮಾರಿ ಬದುಕಿದವನು. 1852ರಲ್ಲಿ ಅಮೆಜಾನ್‌ನಿಂದ ವಾಪಸ್ ಬರುವಾಗ ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿತ್ತು. ಕೈಗೆ ಸಿಕ್ಕ ಕೆಲವು ಚಿತ್ರಗಳನ್ನು ತಗಡಿನ ಡಬ್ಬಿಗೆ ತುರುಕಿಕೊಂಡು ದೋಣಿಗೆ ಇಳಿಯುವಾಗ ಹಗ್ಗ ಜಾರಿ ಬೆರಳಿನ ಚರ್ಮ ಕಿತ್ತುಬಂತು, ಅದರ ಮೇಲೆ ಉಪ್ಪುನೀರು. ಹತ್ತು ದಿನ ದೋಣಿಯಲ್ಲೇ. ನಾನಾಗಿದ್ದರೆ ಮತ್ತೆ ಹಡಗಿನ ಮುಖ ನೋಡುತ್ತಿರಲಿಲ್ಲ. ಈ ಪುಣ್ಯಾತ್ಮ ಎರಡು ವರ್ಷಕ್ಕೆ ಮತ್ತೆ, ಈ ಸಲ ಆಗ್ನೇಯ ಏಷ್ಯಾದ ದ್ವೀಪಗಳಿಗೆ ಹೊರಟು, ಎಂಟು ವರ್ಷದಲ್ಲಿ ಪ್ರಾಣಿ-ಕೀಟಗಳ 1,25,660 ಮಾದರಿ ಕೂಡಿಸಿದ. ಅದರಲ್ಲಿ ಎಷ್ಟೋ ಹಕ್ಕಿ ಹೊಡೆದು ತಂದವನು ಅಲಿ ಅನ್ನುವ ಮಲಯ ಹುಡುಗ. ಅವನಿಗಂತೂ ಪಾಠದಲ್ಲಿ ಅರ್ಧ ಸಾಲೂ ಇಲ್ಲ.

ಹಳೇ ಅಂಚೆಪೆಟ್ಟಿಗೆ:
ಅಲಿ ವಿಷಯ ಒಪ್ಪಿದೆ. ಆದರೆ ವ್ಯಾಲೇಸೇ ಗೊಣಗಲಿಲ್ಲವಲ್ಲ. 1889ರಲ್ಲಿ ತಾನು ಬರೆದ ಪುಸ್ತಕಕ್ಕೆ ‘ಡಾರ್ವಿನಿಸಂ’ ಅಂತಲೇ ಹೆಸರಿಟ್ಟ. ಕೈಯಲ್ಲಿ ಕಾಸಿಲ್ಲದಿದ್ದಾಗ ಅವನಿಗೆ ವರ್ಷಕ್ಕೆ 200 ಪೌಂಡ್ ಸರ್ಕಾರಿ ಪಿಂಚಣಿ ಸಿಗಲು ಓಡಾಡಿದವನೂ ಡಾರ್ವಿನ್ನೇ. ಮನುಷ್ಯನ ಬುದ್ಧಿಯ ವಿಷಯದಲ್ಲಿ, ಪ್ರೇತಾತ್ಮಗಳ ವಿಷಯದಲ್ಲಿ ಇಬ್ಬರಿಗೂ ಆಗಿಬರಲಿಲ್ಲ, ಅದು ಬೇರೆ ಕಥೆ.

ಹತ್ತನೇ ಕ್ಲಾಸ್ ಅಮ್ಮ:
ಥ್ಯಾಂಕ್ಸ್. ಮಗಳಿಗೆ ತೋರಿಸಲು ಸುಲಭವಾದ್ದು ಏನಾದರೂ ಇದೆಯಾ?

ಚಿಟ್ಟೆಬಲೆ:
ಮ್ಯಾಪಿನಲ್ಲಿ ಇಂಡೋನೇಷ್ಯಾದ ಬಾಲಿ, ಲೊಂಬೊಕ್ ದ್ವೀಪ ತೋರಿಸಿ. ಮಧ್ಯೆ ಸುಮಾರು 35 ಕಿಲೋಮೀಟರ್ ನೀರು ಅಷ್ಟೆ. ಬಾಲಿಯಲ್ಲಿ ನಮ್ಮಲ್ಲಿರುವಂಥ ಕುಟ್ರುಹಕ್ಕಿ ಕಂಡ ವ್ಯಾಲೇಸ್‌ಗೆ ಆಚೆ ದಡದಲ್ಲಿ ಆಸ್ಟ್ರೇಲಿಯಾ ಕಡೆಯ ಬಿಳಿ ಕಾಕಟೂ ಸಿಕ್ಕಿತು. ಅಲ್ಲಿ ಕಡಲು ತುಂಬಾ ಆಳ, ಹಿಮಯುಗದಲ್ಲಿ ನೀರು ಇಳಿದಾಗಲೂ ನೆಲ ಕೂಡಿರಲಿಲ್ಲ. ಏಷ್ಯಾ ಕಡೆಯ ಪ್ರಾಣಿಗಳನ್ನೂ ಆಸ್ಟ್ರೇಲಿಯಾ ಕಡೆಯವನ್ನೂ ಬೇರೆ ಮಾಡುವ ಗಡಿ ಅದು, ಅದೇ ವ್ಯಾಲೇಸ್ ಗೆರೆ. ಪೆನ್ಸಿಲ್ ಕೊಟ್ಟು ಅವಳ ಕೈಲೇ ಎಳೆಸಿ.